ವರ್ಚುವಲ್ ಅಸಿಸ್ಟೆಂಟ್ ಕೆಲಸಕ್ಕೆ ಕ್ಲೈಂಟ್ ಎಲ್ಲಿಂದ? ಅಪ್‌ವರ್ಕ್, ಏಜೆನ್ಸಿ, ಲಿಂಕ್ಡ್‌ಇನ್, ಇಲ್ಲಾ ಪಕ್ಕದ ತಾಲ್ಲೂಕಿನ ಹೋಮ್‌ಸ್ಟೇ?

"ಮೇಡಂ, ಅಪ್‌ವರ್ಕ್‌ಗೆ ಸೇರ್ಲಾ, ಏಜೆನ್ಸಿಗೆ ಹೋಗ್ಲಾ?" ತಿಂಗಳಿಗೆ ನಾಲ್ಕೈದು ಸಲ ಈ ಪ್ರಶ್ನೆ ಬರುತ್ತದೆ. (ಅಪ್‌ವರ್ಕ್ ಅಂದರೆ ಫ್ರೀಲಾನ್ಸ್ ಕೆಲಸ ಕೊಡುವವರೂ ಹುಡುಕುವವರೂ ಸೇರುವ ವೆಬ್‌ಸೈಟ್.) ಮಗು ಸ್ವಲ್ಪ ದೊಡ್ಡದಾಯ್ತು, ಮತ್ತೆ ದುಡಿಯಬೇಕು ಅನ್ನುವವರು ಕೇಳುತ್ತಾರೆ. ಬಿಕಾಂ ಮುಗಿಸಿ ಬೆಂಗಳೂರಿಗೆ ಹೋಗಲು ಮನಸ್ಸಿಲ್ಲದವರು ಕೇಳುತ್ತಾರೆ. ಬಿಪಿಒ ನೈಟ್ ಶಿಫ್ಟ್ ಸಾಕಾಗಿ ಊರಿಗೆ ವಾಪಸ್ ಬಂದವರೂ ಕೇಳುತ್ತಾರೆ. ನನ್ನ ಉತ್ತರ ಒಬ್ಬೊಬ್ಬರಿಗೆ ಒಂದೊಂದು ಥರ ಇರುವುದರಿಂದ ಕೆಲವರಿಗೆ ಸಿಟ್ಟೂ ಬಂದಿದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಕೂತು ಈ ಕೆಲಸ ಮಾಡುತ್ತಾ ಏಳನೇ ವರ್ಷ. ಕೆಲಸ ಅಂದರೆ ದೊಡ್ಡ ರಹಸ್ಯ ಏನಿಲ್ಲ. ಬೇರೆಯವರ ಇಮೇಲ್ ನೋಡುವುದು, ಮೀಟಿಂಗ್ ಹೊಂದಿಸುವುದು, ಇನ್‌ವಾಯ್ಸ್ ಕಳಿಸಿ ದುಡ್ಡು ಬರದಿದ್ದರೆ ನಯವಾಗಿ ನೆನಪಿಸುವುದು, ಎಕ್ಸೆಲ್ ಶೀಟ್ ಸರಿಮಾಡುವುದು, ಟಿಕೆಟ್ ಬುಕ್ ಮಾಡುವುದು, ಕ್ಯಾನ್ವಾದಲ್ಲಿ ಒಂದು ಪೋಸ್ಟರ್ ಹಾಕಿಕೊಡುವುದು. ಆಫೀಸಿನ ಕೆಲಸವೇ, ದೂರದಿಂದ ಮಾಡುವುದು ಅಷ್ಟೇ. ಇದನ್ನು ಕಲಿಯುವುದು ಕಷ್ಟ ಅಲ್ಲ. ಮಾಡಿಸಿಕೊಳ್ಳುವವರನ್ನು ಹುಡುಕುವುದೇ ಕಷ್ಟ.

ಮೊದಲು ಅಳತೆ ಯಾವುದು ಅಂತ ನೋಡೋಣ

ಎಲ್ಲರೂ ಕೇಳುವುದು "ಎಲ್ಲಿ ಜಾಸ್ತಿ ದುಡ್ಡು" ಅಂತ. ನಾನು ಐದು ವಿಷಯ ನೋಡುತ್ತೇನೆ. ಕ್ಲೈಂಟ್ ಸಿಗುವ ಮುಂಚೆ ನನ್ನ ಕೈಯಿಂದ ಎಷ್ಟು ಹೋಗುತ್ತದೆ? ದುಡ್ಡು ಮಾತ್ರ ಅಲ್ಲ, ಸುಮ್ನೆ ಹೋಗುವ ಗಂಟೆಗಳೂ ಲೆಕ್ಕಕ್ಕೆ ಸೇರುತ್ತವೆ. ಮೊದಲ ಸಂಪಾದನೆ ಬ್ಯಾಂಕಿಗೆ ಬರಲು ಎಷ್ಟು ದಿನ? ಆ ಕ್ಲೈಂಟ್ ನನ್ನವರಾ, ಇಲ್ಲ ಮಧ್ಯದಲ್ಲಿರುವ ಕಂಪನಿಯವರಾ? ದಿನದ ಯಾವ ಹೊತ್ತಿಗೆ ಕೂತು ಕೆಲಸ ಮಾಡಬೇಕು? ಕೊನೆಯದು, ಮೂರನೇ ತಿಂಗಳೂ ಅವರು ಇರುತ್ತಾರಾ?

ಈ ಕೊನೆಯದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ತೂಕ ಕೊಡುತ್ತೇನೆ. ಯಾವ ಕ್ಲೈಂಟ್ ಆದರೂ ಮೊದಲ ತಿಂಗಳು ನಷ್ಟವೇ. ಅವರ ಪಾಸ್‌ವರ್ಡ್‌ಗಳು, ಫೋಲ್ಡರ್‌ಗಳು, ಯಾರ ಮೇಲ್‌ಗೆ ತಕ್ಷಣ ಉತ್ತರ ಬೇಕು, ಯಾರದ್ದು ನಾಲ್ಕು ದಿನ ಬಿಟ್ಟರೂ ನಡೆಯುತ್ತದೆ, ಇವೆಲ್ಲ ತಿಳಿಯಲು ಹೋಗುವ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಎರಡನೇ ತಿಂಗಳು ಸರಿಹೋಗುತ್ತದೆ. ಮೂರನೇ ತಿಂಗಳಿಂದ, ಮೊದಲು ಎರಡು ಗಂಟೆ ಹಿಡಿಯುತ್ತಿದ್ದ ಕೆಲಸ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಲಾಭ ಇರುವುದು ಅಲ್ಲಿ. ಪ್ರತಿ ತಿಂಗಳು ಹೊಸ ಕ್ಲೈಂಟ್ ಹಿಡಿದು ಹಳೆಯವರನ್ನು ಕಳೆದುಕೊಳ್ಳುತ್ತಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತದೆ.

ಅಪ್‌ವರ್ಕ್: ಸಂತೆ ದೊಡ್ಡದು, ಜಾಗಕ್ಕೆ ಸುಂಕ ಕೊಡಬೇಕು

ಅಪ್‌ವರ್ಕ್‌ನಲ್ಲಿ ಕೆಲಸ ಇದೆ, ಅದರಲ್ಲಿ ಅನುಮಾನ ಬೇಡ. ಆದರೆ ಒಂದು ಕೆಲಸಕ್ಕೆ ಅರ್ಜಿ ಹಾಕಬೇಕು ಅಂದರೆ ಕನೆಕ್ಟ್ಸ್ ಬೇಕು, ಅಂದರೆ ಅರ್ಜಿಗೆ ಖರ್ಚಾಗುವ ಟೋಕನ್‌ಗಳು. ಒಂದು ಕನೆಕ್ಟ್‌ಗೆ 15 ಸೆಂಟ್. ಕೆಲಸ ನೋಡಿಕೊಂಡು ಎಂಟೋ, ಹನ್ನೆರಡೋ, ಅದಕ್ಕಿಂತ ಜಾಸ್ತಿಯೋ ಕೇಳುತ್ತದೆ. ಹನ್ನೆರಡು ಅಂತ ಹಿಡಿದರೆ ಒಂದು ಅರ್ಜಿಗೆ 1.80 ಡಾಲರ್. ಇಪ್ಪತ್ತು ಅರ್ಜಿ ಹಾಕಿದರೆ 36 ಡಾಲರ್, ಅಂದರೆ ಮೂರು ಸಾವಿರ ರೂಪಾಯಿಗೂ ಮೇಲೆ. ಕೆಲಸ ಇನ್ನೂ ಸಿಕ್ಕಿಲ್ಲ!

ಸಿಕ್ಕ ಮೇಲೆ ಕಮಿಷನ್ ಬೇರೆ. 2023ರ ಮೇ ತಿಂಗಳಿಂದ ಎಲ್ಲರಿಗೂ 10% ಇತ್ತು. 2025ರ ಮೇ ತಿಂಗಳಿಂದ ಹೊಸ ಕಾಂಟ್ರಾಕ್ಟ್‌ಗಳಿಗೆ ಅದು 0ಯಿಂದ 15%ವರೆಗೆ ಏರುಪೇರಾಗುತ್ತದೆ. ಯಾವ ಕೆಲಸಕ್ಕೆ ಎಷ್ಟು ಅನ್ನುವುದು ಅರ್ಜಿ ಹಾಕುವಾಗಲೇ ಕಾಣುತ್ತದೆ, ನೋಡಿಯೇ ನಿಮ್ಮ ರೇಟ್ ಹಾಕಿ. ಗಂಟೆ ಲೆಕ್ಕದ ಕೆಲಸದಲ್ಲಿ ಅವರ ಟ್ರ್ಯಾಕರ್ ನಡುನಡುವೆ ನಿಮ್ಮ ಸ್ಕ್ರೀನಿನ ಚಿತ್ರ ತೆಗೆಯುತ್ತಿರುತ್ತದೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಇಷ್ಟ. ಮಾಡಿದ ಗಂಟೆಗೆ ದುಡ್ಡು ಕೊಡದೆ ತಪ್ಪಿಸಿಕೊಳ್ಳುವುದು ಕ್ಲೈಂಟ್‌ಗೆ ಕಷ್ಟವಾಗುತ್ತದೆ, ಮುಖ ನೋಡದ ಅಪರಿಚಿತರ ಜೊತೆ ಶುರು ಮಾಡುವಾಗ ಇಷ್ಟು ಧೈರ್ಯ ಬೇಕು.

ಕ್ಲೈಂಟ್ ಯಾರವರು ಅಂದರೆ, ಅಪ್‌ವರ್ಕ್‌ನವರು. ಅಲ್ಲಿ ಪರಿಚಯವಾದವರ ಜೊತೆ ಎರಡು ವರ್ಷ ಹೊರಗಡೆ ದುಡ್ಡಿನ ವ್ಯವಹಾರ ಮಾಡುವಂತಿಲ್ಲ, ಮಾಡಬೇಕಾದರೆ ಅವರಿಗೆ ಫೀ ಕಟ್ಟಬೇಕು. "ಪೇಪಾಲ್‌ನಲ್ಲಿ ಕೊಡ್ತೀನಿ ಬಾ" ಅಂತ ಕರೆಯುವ ಕ್ಲೈಂಟ್ ಇದ್ದರೆ ಹೋಗಬೇಡಿ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಅಕೌಂಟ್, ಜೊತೆಗೆ ಅಷ್ಟು ದಿನ ಸಂಪಾದಿಸಿದ ರಿವ್ಯೂಗಳೂ.

ಯಾರಿಗೆ ಸರಿ? ಇಂಗ್ಲಿಷ್ ಬರೆಯಲು ಚೆನ್ನಾಗಿ ಬರುವವರಿಗೆ, ಮೂರು ತಿಂಗಳು ಕಾಯುವ ತಾಕತ್ತಿರುವವರಿಗೆ, ಐದಾರು ಸಾವಿರ ಹೋದರೂ ನಿದ್ದೆ ಕೆಡದವರಿಗೆ. ಮತ್ತೊಂದು ಮಾತು. "ವರ್ಚುವಲ್ ಅಸಿಸ್ಟೆಂಟ್" ಅಂತ ಹುಡುಕಿ ಅರ್ಜಿ ಹಾಕಬೇಡಿ, ಅಲ್ಲಿ ಜಾತ್ರೆ. "ಶಾಪಿಫೈ ಆರ್ಡರ್ ನೋಡಿಕೊಳ್ಳುವವರು", "ಪಾಡ್‌ಕಾಸ್ಟ್ ಅತಿಥಿಗಳನ್ನು ಬುಕ್ ಮಾಡುವವರು", "ಕ್ವಿಕ್‌ಬುಕ್ಸ್‌ನಲ್ಲಿ ಎಂಟ್ರಿ ಮಾಡುವವರು" ಅಂತ ಹುಡುಕಿ. ಕೆಲಸ ಅದೇ, ಸ್ಪರ್ಧೆ ಕಡಿಮೆ.

ಇಂಥದೇ ಇನ್ನೊಂದು ಸೈಟ್ ಫೈವರ್ ಬಗ್ಗೆ ಎರಡೇ ಮಾತು. ಅಲ್ಲಿ ಅರ್ಜಿ ಹಾಕುವ ಖರ್ಚಿಲ್ಲ, ನೀವು ಅಂಗಡಿ ತೆರೆದು ಕೂರುವುದು. ಕಮಿಷನ್ 20%, ಮತ್ತು ಆರ್ಡರ್ ಮುಗಿದ ಮೇಲೂ ದುಡ್ಡು ಸಾಮಾನ್ಯವಾಗಿ 14 ದಿನ ಅಲ್ಲೇ ಇರುತ್ತದೆ. ಒಂದು ಸಲದ ಸಣ್ಣ ಕೆಲಸ ಜಾಸ್ತಿ: ಐವತ್ತು ಪುಟದ ಪಿಡಿಎಫ್ ಎಕ್ಸೆಲ್‌ಗೆ ಹಾಕಿಕೊಡಿ, ನೂರು ಕಂಪನಿಗಳ ಇಮೇಲ್ ಹುಡುಕಿಕೊಡಿ. ಮೂರನೇ ತಿಂಗಳ ಅಳತೆಗೆ ಹಿಡಿದರೆ ಬಿದ್ದೇ ಹೋಗುತ್ತದೆ. ಡಿಸೈನ್ ಬರುವವರಿಗೆ ಒಳ್ಳೆಯದಿರಬಹುದು, ನಮ್ಮಂಥವರಿಗೆ ಅಷ್ಟಕ್ಕಷ್ಟೇ.

ಏಜೆನ್ಸಿ: ಸಂಬಳ ಬರುತ್ತದೆ, ಕ್ಲೈಂಟ್ ಬರುವುದಿಲ್ಲ

ಈ ಧಂದೆಯ ಒಂದು ತವರು ನಮ್ಮ ಬೆಂಗಳೂರೇ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 2005ರಲ್ಲಿ ಅಮೆರಿಕದ ಎಸ್ಕ್ವೈರ್ ಪತ್ರಿಕೆಯ ಲೇಖಕನೊಬ್ಬ ತನ್ನ ಇಮೇಲ್, ಶಾಪಿಂಗ್ ಎಲ್ಲವನ್ನೂ ಬೆಂಗಳೂರಿನ ಸಹಾಯಕರಿಗೆ ಒಪ್ಪಿಸಿ, ಕೊನೆಗೆ ಹೆಂಡತಿ ಜೊತೆಗಿನ ಜಗಳವನ್ನೂ ಅವರ ಕೈಯಿಂದಲೇ ಮೇಲ್ ಮಾಡಿಸಿ, ಆ ಅನುಭವ ಬರೆದಿದ್ದ. ಬ್ರಿಕ್‌ವರ್ಕ್, ಗೆಟ್‌ಫ್ರೈಡೇ ಅನ್ನುವವು ಆ ಕಾಲದ ಬೆಂಗಳೂರಿನ ಹೆಸರುಗಳು. ಆಮೇಲೆ ಇಂಥವು ಎಷ್ಟೋ ಹುಟ್ಟಿಕೊಂಡವು, ಈಗ ಮನೆಯಿಂದಲೇ ಕೆಲಸ ಕೊಡುವವೂ ಇವೆ.

ನಾನೂ ಒಂದರಲ್ಲಿ ಹನ್ನೊಂದು ತಿಂಗಳು ಇದ್ದೆ. ಹೆಸರು ಬೇಡ. ಅಲ್ಲಿ ಕಲಿತದ್ದಕ್ಕೆ ಇವತ್ತಿಗೂ ಋಣಿ: ಮೇಲ್ ಹೇಗೆ ಬರೆಯಬೇಕು, "ಆಗಲ್ಲ" ಅನ್ನುವುದನ್ನು ಹೇಗೆ ಹೇಳಬೇಕು, ದಿನದ ಕೊನೆಗೆ ಮೂರು ಸಾಲಿನ ವರದಿ ಹೇಗೆ ಕಳಿಸಬೇಕು. ಒಂದನೇ ತಾರೀಖಿಗೆ ಸಂಬಳ. ಕ್ಲೈಂಟ್ ಹುಡುಕುವ ತಲೆನೋವಿಲ್ಲ. ಆದರೆ ಕ್ಲೈಂಟ್ ಕೊಡುವ ಬಿಲ್ ಒಂದು, ನನಗೆ ಬರುವುದು ಅದರ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅದು ಆಕಸ್ಮಿಕವಾಗಿ ಗೊತ್ತಾಯಿತು, ಇನ್‌ವಾಯ್ಸ್‌ಗಳನ್ನು ಫೈಲ್ ಮಾಡುವುದು ನನ್ನದೇ ಕೆಲಸವಾಗಿತ್ತಲ್ಲ! ಬಿಡುವಾಗ ಎಂಟು ತಿಂಗಳು ದಿನಾ ಮಾತಾಡಿದ ಕ್ಲೈಂಟ್‌ಗೆ "ನಾಳೆಯಿಂದ ನಾನಿರಲ್ಲ" ಅಂತ ಹೇಳಲೂ ಬಿಡಲಿಲ್ಲ. ಬೆಳಗ್ಗೆ ಲಾಗಿನ್ ಆಗಲಿಲ್ಲ, ಅಷ್ಟೇ.

ಅದರಲ್ಲಿ ಮೋಸ ಏನಿಲ್ಲ. ಸಹಿ ಹಾಕಿದ ಕಾಗದದಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ನೀವು ಓದಿ. ನೋಟಿಸ್ ಪೀರಿಯಡ್ ಎಷ್ಟು, ಬಿಟ್ಟ ಮೇಲೆ ಎಷ್ಟು ತಿಂಗಳು ಅವರ ಕ್ಲೈಂಟ್‌ಗಳ ಜೊತೆ ಕೆಲಸ ಮಾಡುವಂತಿಲ್ಲ, ಜೊತೆಗೆ ಬೇರೆ ಕೆಲಸ ಇಟ್ಟುಕೊಳ್ಳಬಹುದಾ. ಅನುಭವವೇ ಇಲ್ಲದವರು, ಮನೆಗೆ ಪ್ರತಿ ತಿಂಗಳು ಇಂತಿಷ್ಟು ಬೇಕೇ ಬೇಕು ಅನ್ನುವವರು ಇಲ್ಲಿಂದ ಶುರು ಮಾಡುವುದರಲ್ಲಿ ತಪ್ಪೇನಿಲ್ಲ. ಒಂದು ವರ್ಷದ ಕಾಲೇಜು ಅಂದುಕೊಳ್ಳಿ, ಇಲ್ಲಿ ಫೀ ನಿಮಗೇ ಕೊಡುತ್ತಾರೆ.

ಹಾಗಂತ ಏಜೆನ್ಸಿ ಅಂತ ಹೇಳಿಕೊಳ್ಳುವವರೆಲ್ಲ ಏಜೆನ್ಸಿ ಅಲ್ಲ. ರಿಜಿಸ್ಟ್ರೇಷನ್ ಫೀ, ಸೆಕ್ಯುರಿಟಿ ಡೆಪಾಸಿಟ್ ಕೇಳಿದರೆ ಅಲ್ಲಿಗೇ ಬಿಡಿ. ಡೇಟಾ ಎಂಟ್ರಿ ಕೊಟ್ಟು, "ನಿಮ್ಮದು ತಪ್ಪು ಜಾಸ್ತಿ, ಅಗ್ರಿಮೆಂಟ್ ಮುರಿದಿದ್ದೀರಿ, ದಂಡ ಕಟ್ಟಿ" ಅಂತ ವಕೀಲರ ಹೆಸರಲ್ಲಿ ನೋಟಿಸ್ ಕಳಿಸಿ ಹೆದರಿಸುವುದು ಹಳೆಯ ಆಟ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. "ನಿನ್ನ ಅಪ್‌ವರ್ಕ್ ಅಕೌಂಟ್ ಬಾಡಿಗೆಗೆ ಕೊಡು" ಅನ್ನುವವರಿಗೂ ಇದೇ ಮರ್ಯಾದೆ.

ಲಿಂಕ್ಡ್‌ಇನ್: ದುಡ್ಡು ಬೇಡ, ದಪ್ಪ ಚರ್ಮ ಬೇಕು

ಇಲ್ಲಿ ಕಮಿಷನ್ ಇಲ್ಲ. ಸಿಕ್ಕ ಕ್ಲೈಂಟ್ ಪೂರ್ತಿ ನಿಮ್ಮವರು. ಯಾವ ದೇಶದವರನ್ನು ಕೇಳಬೇಕು ಅನ್ನುವುದೂ ನಿಮ್ಮ ಕೈಯಲ್ಲಿ, ಅಂದರೆ ನಿಮ್ಮ ಕೆಲಸದ ಹೊತ್ತು ನೀವೇ ಆರಿಸಿಕೊಂಡ ಹಾಗೆ. ನ್ಯೂಯಾರ್ಕ್‌ನ ಬೆಳಗ್ಗೆ 9 ಅಂದರೆ ನಮಗೆ ಸಂಜೆ ಆರೂವರೆ, ಅವರ ಚಳಿಗಾಲದಲ್ಲಿ ಏಳೂವರೆ. ಲಂಡನ್ನಿನ 9 ಅಂದರೆ ಮಧ್ಯಾಹ್ನ ಒಂದೂವರೆ ಇಲ್ಲ ಎರಡೂವರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಷ್ಟೇ. ಸಿಡ್ನಿಯವರಿಗೆ ಮಾಡುವುದಾದರೆ ಕೋಳಿ ಕೂಗುವ ಮುಂಚೆ ಏಳಬೇಕು. ಮಕ್ಕಳು ಸ್ಕೂಲಿನಿಂದ ಬರುವ ಹೊತ್ತಿಗೆ ಕೈ ಖಾಲಿ ಬೇಕು ಅನ್ನುವವರಿಗೆ ನಾನು ಅಮೆರಿಕ ಹೇಳುವುದೇ ಇಲ್ಲ, ದುಬೈ ಅನ್ನುತ್ತೇನೆ. ಮಂಗಳೂರು, ಉಡುಪಿ ಕಡೆಯವರಿಗೆ ಅಲ್ಲಿ ಯಾರಾದರೂ ನೆಂಟರು ಇದ್ದೇ ಇರುತ್ತಾರೆ.

ಕಷ್ಟ ಏನಂದರೆ, ಉತ್ತರ ಬರುವುದಿಲ್ಲ. ನಾನು ಶುರುವಿನಲ್ಲಿ ಅರವತ್ತು ಜನಕ್ಕೆ ಮೆಸೇಜ್ ಹಾಕಿದ್ದೆ. ಮೊದಲ ನಲವತ್ತಕ್ಕೆ ಹಾಕಿದ್ದು ಒಂದೇ ಥರ: ನಾನು ಇಂಥವಳು, ಶ್ರದ್ಧೆಯಿಂದ ಕೆಲಸ ಮಾಡುತ್ತೇನೆ, ಅವಕಾಶ ಕೊಡಿ. ಒಬ್ಬರೂ ಉತ್ತರಿಸಲಿಲ್ಲ. ಆಮೇಲೆ ರೀತಿ ಬದಲಾಯಿಸಿದೆ. ಲಂಡನ್ನಿನ ಒಬ್ಬ ಯೋಗ ಟೀಚರ್‌ಗೆ ಕಳಿಸಿದ ಮೆಸೇಜ್ ನೆನಪಿದೆ. ಕಳಿಸಿದ್ದು ಇಂಗ್ಲಿಷಿನಲ್ಲಿ, ಅದರ ಸಾರ ಇಷ್ಟು: "ನಿಮ್ಮ ಬುಕಿಂಗ್ ಪುಟದಲ್ಲಿ ಗುರುವಾರದ ಕ್ಲಾಸ್ ಇನ್ನೂ ಹಳೆಯ ಸಮಯ ತೋರಿಸುತ್ತಿದೆ, ಇನ್‌ಸ್ಟಾಗ್ರಾಮ್‌ನಲ್ಲಿ ಹೊಸ ಸಮಯ ಇದೆ. ಕಾಮೆಂಟಿನಲ್ಲಿ ಇಬ್ಬರು ಕೇಳಿದ್ದಾರೆ, ಉತ್ತರ ಹೋಗಿಲ್ಲ. ಇಂಥದ್ದನ್ನು ವಾರಕ್ಕೆ ಐದು ಗಂಟೆಯಲ್ಲಿ ನಾನು ನೋಡಿಕೊಳ್ಳಬಲ್ಲೆ." ಅರ್ಧ ಗಂಟೆಯಲ್ಲಿ ಉತ್ತರ ಬಂತು. ಕ್ಲೈಂಟ್ ಆದರಾ ಅಂದರೆ, ಹೌದು, ನಾಲ್ಕು ವರ್ಷ ಇದ್ದರು.

ಇಂಥ ಒಂದು ಮೆಸೇಜ್ ಬರೆಯಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ದಿನಕ್ಕೆ ಮೂರಕ್ಕಿಂತ ಜಾಸ್ತಿ ಆಗುವುದಿಲ್ಲ. ಹಾಗಾಗಿ ದುಡ್ಡಿಲ್ಲದಿದ್ದರೂ ಹೊತ್ತು ಇರುವವರಿಗೆ, ಮೊದಲೇ ಒಂದಿಷ್ಟು ಕೆಲಸ ಗೊತ್ತಿರುವವರಿಗೆ ಇದು ದಾರಿ. ನಾಳೆಯೇ ದುಡ್ಡು ಬೇಕು ಅನ್ನುವವರಿಗೆ ಅಲ್ಲ.

ಪರಿಚಯದವರು: ಎಲ್ಲರೂ ಬಿಟ್ಟುಬಿಡುವ ದಾರಿ

ವರ್ಚುವಲ್ ಅಸಿಸ್ಟೆಂಟ್ ಅಂದ ಕೂಡಲೇ ಎಲ್ಲರ ತಲೆಯಲ್ಲಿ ಡಾಲರ್ ಕುಣಿಯುತ್ತದೆ. ನನ್ನ ಸ್ವಂತದ ಮೊದಲ ಕ್ಲೈಂಟ್ ಮಾತ್ರ ತೀರ್ಥಹಳ್ಳಿ ಹತ್ತಿರದ ಒಂದು ಹೋಮ್‌ಸ್ಟೇ. ಅತ್ತಿಗೆಯ ಕಡೆಯ ಪರಿಚಯ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಆ ಯಜಮಾನರ ಫೋನ್ ಒಂದೇ ಸಮ ಗುಂಯ್‌ಗುಟ್ಟುತ್ತಿತ್ತು. "ಎಲ್ಲಾ ರೂಮ್ ಕೇಳೋರೇ ಕಣಮ್ಮಾ, ತೋಟ ನೋಡ್ಲಾ ಇದನ್ನ ನೋಡ್ಲಾ" ಅಂದರು. ತೋರಿಸಿ ಅಂದೆ. ವಾಟ್ಸಾಪ್‌ನಲ್ಲಿ ಓದದೇ ಬಿಟ್ಟ ಮೆಸೇಜ್ 83. ಕೆಲವು ಎರಡು ವಾರದ ಹಿಂದಿನವು. "ಮೂರು ಫ್ಯಾಮಿಲಿ, ಎರಡು ರಾತ್ರಿ, ಅಡ್ವಾನ್ಸ್ ಕಳಿಸ್ಲಾ?" ಅಂತ ಕೇಳಿದವರಿಗೂ ಉತ್ತರ ಇಲ್ಲ!

ಆ ಭಾನುವಾರ ಒಂದು ಗೂಗಲ್ ಶೀಟ್ ಮಾಡಿದೆ. ತಾರೀಖು, ರೂಮ್, ಎಷ್ಟು ಜನ, ಅಡ್ವಾನ್ಸ್ ಬಂತಾ, ಊಟ ವೆಜ್ಜಾ ನಾನ್‌ವೆಜ್ಜಾ. ವಾಟ್ಸಾಪ್ ಬಿಸಿನೆಸ್‌ನಲ್ಲಿ ರೇಟು, ದಾರಿ, ಫೋಟೋ ಎಲ್ಲ ರೆಡಿ ಉತ್ತರವಾಗಿ ಹಾಕಿಟ್ಟೆ. ಮೊದಲ ತಿಂಗಳು ಆರು ಸಾವಿರ ಕೊಟ್ಟರು, ಜೊತೆಗೆ ಒಂದು ಚೀಲ ಕಾಳುಮೆಣಸು. ಮಳೆಗಾಲ ಮುಗಿದು ಸೀಸನ್ ಶುರುವಾದಾಗ ಅವರೇ ಒಂಬತ್ತು ಮಾಡಿದರು. ಅವರ ಮೂಲಕ ಇನ್ನೆರಡು ಹೋಮ್‌ಸ್ಟೇ, ಅದರಲ್ಲಿ ಒಬ್ಬರ ಮಗನಿಂದ ಬೆಂಗಳೂರಿನ ಒಂದು ಆರ್ಕಿಟೆಕ್ಟ್ ಆಫೀಸ್.

ಇಲ್ಲಿ ರೇಟ್ ಕಡಿಮೆ, ಅದು ಸತ್ಯ. ಚೌಕಾಸಿಯೂ ಇರುತ್ತದೆ. "ನಮ್ಮ ಹುಡುಗಿ ಅಲ್ವಾ" ಅಂತ ರಾತ್ರಿ ಹತ್ತಕ್ಕೂ ಫೋನ್ ಮಾಡುತ್ತಾರೆ, ಕೆಲಸದ ಹೊತ್ತು ಇಷ್ಟರಿಂದ ಇಷ್ಟು ಅಂತ ಮೊದಲ ದಿನವೇ ಹೇಳಬೇಕು. ಆಮೇಲೆ ಹೇಳಿದರೆ ಮುನಿಸು. ಆದರೆ ಉಳಿದ ಅಳತೆಗಳಲ್ಲಿ ಇದಕ್ಕೆ ಸಮ ಇಲ್ಲ. ಖರ್ಚು ಸೊನ್ನೆ. ಯುಪಿಐನಲ್ಲಿ ದುಡ್ಡು ಅವತ್ತೇ. ಹಗಲು ಕೆಲಸ. ಬಿಟ್ಟು ಹೋಗುವುದು ಅಪರೂಪ. ಜೊತೆಗೆ ಫಿಲಿಪೀನ್ಸ್‌ನಲ್ಲೋ ದೆಹಲಿಯಲ್ಲೋ ಕೂತವರಿಗೆ ಇಲ್ಲದ ಒಂದು ವಿದ್ಯೆ ನಿಮಗಿದೆ: ಕನ್ನಡದಲ್ಲಿ ಫೋನ್ ಎತ್ತಿ ಮಾತಾಡುವುದು. ಮೈಸೂರಿನ ಡೆಂಟಿಸ್ಟ್, ದಾವಣಗೆರೆಯ ಕೋಚಿಂಗ್ ಸೆಂಟರ್, ಹುಬ್ಬಳ್ಳಿಯ ಆಡಿಟರ್, ಇವರಿಗೆಲ್ಲ ಬೇಕಿರುವುದು ಅದೇ. ಅವರ್ಯಾರೂ "ವರ್ಚುವಲ್ ಅಸಿಸ್ಟೆಂಟ್ ಬೇಕಾಗಿದ್ದಾರೆ" ಅಂತ ಬೋರ್ಡ್ ಹಾಕುವುದಿಲ್ಲ, ಆ ಹೆಸರೇ ಅವರಿಗೆ ಗೊತ್ತಿರುವುದಿಲ್ಲ. "ನಿಮ್ಮ ಅಪಾಯಿಂಟ್‌ಮೆಂಟ್ ಫೋನ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ" ಅಂದರೆ ಅರ್ಥವಾಗುತ್ತದೆ.

ಫೇಸ್‌ಬುಕ್, ವಾಟ್ಸಾಪ್ ಗ್ರೂಪ್‌ಗಳಲ್ಲಿ ಕ್ಲೈಂಟ್ ಸಿಕ್ಕವರನ್ನು ನೋಡಿದ್ದೇನೆ, ಆದರೆ ಬಹಳ ಗ್ರೂಪ್‌ಗಳಲ್ಲಿ ಕೆಲಸ ಹುಡುಕುವವರೇ ತುಂಬಿರುತ್ತಾರೆ. ಹೋಗುವುದಾದರೆ ಮಾಲೀಕರು ಇರುವ ಗ್ರೂಪಿಗೆ ಹೋಗಿ, ನಮ್ಮಂಥವರು ಇರುವ ಗ್ರೂಪಿಗೆ ಅಲ್ಲ.

ದುಡ್ಡು ಬರುವ ದಾರಿಯನ್ನೂ ಹೋಲಿಸಿ ನೋಡಿ

ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ವ್ಯವಹಾರ ನಿಲ್ಲಿಸಿದೆ, ಹೊರದೇಶದ ವ್ಯವಹಾರಕ್ಕೆ ಮಾತ್ರ ಬರುತ್ತದೆ. ಅದರ ಫೀ, ಡಾಲರ್ ರೂಪಾಯಿ ಆಗುವಾಗ ಕಳೆಯುವುದು ಎಲ್ಲ ಸೇರಿ ಕಡಿಮೆ ಏನಲ್ಲ. ಹೊರಗಿನ ದುಡ್ಡು ತರಿಸುವ ಬೇರೆ ದಾರಿಗಳಾದ ಪೇಯೊನೀರ್, ವೈಸ್, ನೇರ ಬ್ಯಾಂಕ್ ಇವುಗಳ ಜೊತೆ ಒಂದು ಸಲ ಹೋಲಿಸಿ. ನೋಡಬೇಕಾದ್ದು ಫೀ ಅಲ್ಲ, 100 ಡಾಲರ್ ಕಳಿಸಿದರೆ ಕೊನೆಗೆ ಬ್ಯಾಂಕಿಗೆ ಬಿದ್ದದ್ದು ಎಷ್ಟು ರೂಪಾಯಿ ಅನ್ನುವುದು. ಹೊರಗಿನಿಂದ ಬಂದ ದುಡ್ಡಿಗೆ ಬ್ಯಾಂಕ್ ಕೊಡುವ ಕಾಗದ ಎಸೆಯಬೇಡಿ. ಇಲ್ಲಿನ ಕಂಪನಿಗಳು 10% ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯಬಹುದು, ಗಾಬರಿ ಬೇಡ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕೆ 20 ಲಕ್ಷ ದಾಟುವ ಹೊತ್ತಿಗೆ ಜಿಎಸ್‌ಟಿಯ ಮಾತು ಬರುತ್ತದೆ. ಅಷ್ಟು ಹೊತ್ತಿಗೆ ಒಬ್ಬ ಆಡಿಟರ್ ನಿಮಗೆ ಗೊತ್ತಿರಲಿ, ಆದರೆ ಅವರನ್ನೇ ಕ್ಲೈಂಟ್ ಮಾಡಿಕೊಳ್ಳಿ!

ಒಬ್ಬರಿಂದ ಮೂವರಾಗುವಾಗ

ಎರಡು ಮೂರು ಕ್ಲೈಂಟ್ ಆದ ಮೇಲೆ ದಿನ ತುಂಬಿಹೋಗುತ್ತದೆ. ಆಗ ಮುಂದೆ ಎರಡು ದಾರಿ: ರೇಟ್ ಏರಿಸುವುದು, ಇಲ್ಲವೇ ಇನ್ನೊಬ್ಬರನ್ನು ಸೇರಿಸಿಕೊಳ್ಳುವುದು.

ರೇಟ್ ಏರಿಸಲು ಸುಲಭದ ಉಪಾಯ, ಗಂಟೆ ಲೆಕ್ಕ ಬಿಟ್ಟು ತಿಂಗಳ ಲೆಕ್ಕಕ್ಕೆ ಬರುವುದು. ಗಂಟೆಗೆ ಅಂದರೆ ನೀವು ಬೇಗ ಮುಗಿಸಿದಷ್ಟೂ ನಿಮಗೇ ನಷ್ಟ ಅಲ್ವಾ? ಅಪ್‌ವರ್ಕ್ ಟ್ರ್ಯಾಕರ್‌ನಲ್ಲಿ ಇದು ಕಷ್ಟ, ನೇರ ಕ್ಲೈಂಟ್ ಜೊತೆ ಸುಲಭ. ಹೊಸ ರೇಟ್ ಮೊದಲು ಹೊಸ ಕ್ಲೈಂಟ್‌ಗೆ ಹೇಳಿ ನೋಡಿ. ಒಪ್ಪಿದರೆ ಹಳೆಯವರಿಗೆ ಎರಡು ತಿಂಗಳ ಮುಂಚೆ ತಿಳಿಸಿ.

ಇನ್ನೊಬ್ಬರನ್ನು ಸೇರಿಸಿಕೊಳ್ಳುವ ಲೆಕ್ಕ ಹೀಗೆ. ಕ್ಲೈಂಟ್ 40 ಗಂಟೆಗೆ 20,000 ಕೊಡುತ್ತಾರೆ. ಕೆಲಸ ಮಾಡುವವರಿಗೆ 12,000 ಕೊಟ್ಟಿರಿ. ಉಳಿದ 8,000ಕ್ಕೆ ನೀವು ತಿದ್ದಿ ನೋಡಲು ಆರು ಗಂಟೆ ಸಾಕಾದರೆ ಭಾರೀ ಲಾಭ. ತಿದ್ದಲು ಇಪ್ಪತ್ತು ಗಂಟೆ ಹಿಡಿದರೆ ಗಂಟೆಗೆ 400, ನೀವೇ ಮಾಡಿದ್ದರೆ 500 ಸಿಗುತ್ತಿತ್ತು. ನನ್ನ ಮೊದಲ ಪ್ರಯತ್ನದಲ್ಲಿ ಆದದ್ದು ಎರಡನೆಯದು. ತಪ್ಪು ನಾನು ಸೇರಿಸಿಕೊಂಡವಳದ್ದಲ್ಲ. ನಾನು ಯಾವ ಕೆಲಸವನ್ನೂ ಬರೆದಿಟ್ಟಿರಲಿಲ್ಲ, ಎಲ್ಲ ನನ್ನ ತಲೆಯಲ್ಲೇ ಇತ್ತು. ಕ್ಲೈಂಟ್‌ಗೆ ಹೇಳದೆ ಅವರ ಪಾಸ್‌ವರ್ಡ್ ಮೂರನೆಯವರಿಗೆ ಕೊಡುವುದು ಮಾತ್ರ ಯಾವತ್ತೂ ಬೇಡ.

ಹಾಗಾದರೆ ಯಾರಿಗೆ ಯಾವುದು

ಅನುಭವವೂ ಇಲ್ಲ, ಕೂಡಿಟ್ಟ ದುಡ್ಡೂ ಇಲ್ಲ ಅಂದರೆ ಏಜೆನ್ಸಿ, ಅದೂ ಒಂದು ವರ್ಷಕ್ಕೆ. ಅನುಭವ ಇಲ್ಲ, ಮನೆಯಲ್ಲಿ ಬೇರೆಯವರ ಸಂಪಾದನೆ ಇದೆ ಅಂದರೆ ಪರಿಚಯದವರಿಂದ ಶುರು ಮಾಡಿ, ರೇಟ್ ಕಡಿಮೆ ಅಂತ ಬೇಜಾರಾಗಬೇಡಿ. ಬಿಪಿಒದಲ್ಲಿ ಎರಡು ಮೂರು ವರ್ಷ ಇದ್ದು ಬಂದವರು, ಇಂಗ್ಲಿಷ್ ಸಲೀಸು ಅನ್ನುವವರು ಅಪ್‌ವರ್ಕ್ ಮತ್ತು ಲಿಂಕ್ಡ್‌ಇನ್ ಎರಡನ್ನೂ ಹಿಡಿಯಿರಿ, ಅಪ್‌ವರ್ಕ್‌ಗೆ ಮಾತ್ರ ತಿಂಗಳಿಗೆ ಇಂತಿಷ್ಟೇ ಖರ್ಚು ಅಂತ ಗೆರೆ ಎಳೆದುಕೊಳ್ಳಿ. ಈಗಲೇ ಒಂದು ಕೆಲಸ ಇದ್ದು ಸಂಜೆ ಎರಡು ಗಂಟೆ ಬಿಡುವಿರುವವರಿಗೆ ಲಿಂಕ್ಡ್‌ಇನ್ ಒಂದೇ ಸಾಕು, ಅಮೆರಿಕದ ಬೆಳಗು ನಿಮ್ಮ ಸಂಜೆಗೆ ಸರಿಯಾಗಿ ಬೀಳುತ್ತದೆ.

ಯಾವುದನ್ನು ಹಿಡಿದರೂ ಮಲೆನಾಡಿನವರಿಗೆ ಒಂದು ಖರ್ಚು ತಪ್ಪುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗುವುದಿಲ್ಲ. ಲ್ಯಾಪ್‌ಟಾಪ್‌ಗಿಂತ ಮುಂಚೆ ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ, ಬೇರೆ ಕಂಪನಿಯ ಸಿಮ್ ಒಂದು ಇಟ್ಟುಕೊಳ್ಳಿ. ಕ್ಲೈಂಟ್‌ಗೂ ಮೊದಲೇ ಹೇಳಿಡಿ. ನನ್ನ ಲಂಡನ್ ಯೋಗ ಟೀಚರ್‌ಗೆ ಕೊನೆಕೊನೆಗೆ ಅಭ್ಯಾಸವಾಗಿತ್ತು. ಜುಲೈ ಬಂತು ಅಂದರೆ ಅವರೇ ಕೇಳುತ್ತಿದ್ದರು, ಇವತ್ತು ಮಳೆ ಹೇಗಿದೆ, ಕಾಲ್ ಈಗಲೇ ಮಾಡಿಬಿಡೋಣವಾ ಅಂತ.